ಕಪ್ಪು ಚಿರತೆ ಮತ್ತು ಕೃತಕ ನರಜಾಲ: ಯಂತ್ರದೃಷ್ಟಿ ಹಾಗೂ ಮಾನವ ಪ್ರತ್ಯಕ್ಷಗಳ ತೌಲನಿಕ ವಿವೇಚನೆ

ಪೀಠಿಕೆ

ಕಾಣುವುದು ಎಂದರೇನು ಎಂಬ ಪ್ರಶ್ನೆ ತತ್ತ್ವಶಾಸ್ತ್ರದಷ್ಟೇ ಹಳೆಯದು. ಬೆಳಕು ಕಣ್ಣಿಗೆ ತಾಕುವುದೇ ಕಾಣುವುದೆ, ತಾಕಿದ್ದನ್ನು ಇಂಥದೆಂದು ಗುರುತಿಸುವುದು ಕಾಣುವುದೆ, ಗುರುತಿಸಿದ್ದು ತಪ್ಪಾದಾಗ ಅದನ್ನು ತಿದ್ದಿಕೊಳ್ಳುವ ಸಾಮರ್ಥ್ಯವೂ ಅದರೊಳಗೆ ಸೇರಿದೆಯೆ ಎಂಬುದನ್ನು ಭಾರತೀಯ ಹಾಗೂ ಪಾಶ್ಚಾತ್ಯ ಚಿಂತಕರು ಶತಮಾನಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಕೃತಕ ನರಜಾಲಗಳು ಚಿತ್ರಗಳನ್ನು ನೋಡಿ ಅವುಗಳಲ್ಲಿರುವ ವಸ್ತುವಿನ ಹೆಸರು ಹೇಳತೊಡಗಿದ ಮೇಲೆ ಈ ಪ್ರಶ್ನೆಗೆ ವ್ಯಾವಹಾರಿಕವಾದ ಒಂದು ಮುಖವೂ ಒದಗಿದೆ. ಯಂತ್ರ ಮತ್ತು ಮನುಷ್ಯ ಒಂದೇ ಚಿತ್ರಕ್ಕೆ ಒಂದೇ ಹೆಸರು ಕೊಟ್ಟರೆ ಅವರಿಬ್ಬರೂ ಒಂದೇ ಜಗತ್ತನ್ನು ಕಂಡಂತಾಯಿತೆ ಎಂಬುದು ಪ್ರಸ್ತುತ ಲೇಖನದ ವಿಷಯವಾಗಿದೆ.

ಈ ವಿವೇಚನೆಗೆ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶವನ್ನು ನೆಲೆಯಾಗಿ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ಕಾಡುಗಳಲ್ಲಿ ವನ್ಯಜೀವಿಗಳ ಗಣತಿ ಸ್ವಯಂಚಾಲಿತ ಕ್ಯಾಮೆರಾಗಳ ಮೂಲಕ ನಡೆಯುತ್ತದೆ. ಅಂಥ ಕ್ಯಾಮೆರಾಗಳು ತೆಗೆದ ಚಿತ್ರಗಳನ್ನು ವಿಂಗಡಿಸುವ ಕೆಲಸ ಇಂದು ನರಜಾಲಗಳ ಪಾಲಿಗೆ ಬಂದಿದೆ. ಎರಡನೆಯದಾಗಿ, ಮುಂಡಗೋಡದ ಟಿಬೆಟನ್ ವಿಹಾರಗಳಲ್ಲಿ ಪ್ರತ್ಯಕ್ಷ ಎಂದರೇನು ಎಂಬ ಪ್ರಶ್ನೆ ಇಂದಿಗೂ ಪಾಠ ಮತ್ತು ವಾದಗಳ ಜೀವಂತ ವಿಷಯವಾಗಿದೆ. ಯಂತ್ರದ ಕಣ್ಣು ಮತ್ತು ಪ್ರಮಾಣಶಾಸ್ತ್ರದ ವಾದ ಇಷ್ಟು ಸಮೀಪದಲ್ಲಿರುವ ಪ್ರದೇಶಗಳು ವಿರಳ.

1. ನೆಲೆ ಮತ್ತು ಸಂದರ್ಭ

ಜೋಯಿಡಾದ ನಿತ್ಯಹರಿದ್ವರ್ಣ ಹಾಗೂ ಅರೆ ನಿತ್ಯಹರಿದ್ವರ್ಣ ಕಾಡುಗಳು ಪೂರ್ವಕ್ಕೆ ಸರಿದಂತೆ ದಾಂಡೇಲಿ, ಹಳಿಯಾಳಗಳ ಎಲೆಯುದುರುವ ಕಾಡುಗಳಾಗಿ, ಬಿದಿರು ಮತ್ತು ತೇಗದ ಮೆಳೆಗಳಾಗಿ ಮಾರ್ಪಟ್ಟು, ಮುಂಡಗೋಡದ ಭತ್ತದ ಬಯಲುಗಳನ್ನು ಸೇರುತ್ತವೆ. 1956ರಲ್ಲಿ ದಾಂಡೇಲಿ ವನ್ಯಜೀವಿಧಾಮವೂ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಘೋಷಿತವಾದವು. 2007ರಲ್ಲಿ ಇವೆರಡೂ ಸೇರಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಇದಕ್ಕೆ ಕಾಳಿ ನದಿಯ ಹೆಸರನ್ನಿಡಲಾಯಿತು. ಹುಲಿ, ಚಿರತೆ, ಆನೆ, ಕಾಡುಕೋಣ, ಕರಡಿ ಮತ್ತು ಮಂಗಟ್ಟೆ ಹಕ್ಕಿಗಳಿಗೆ ನೆಲೆಯಾದ ಈ ಪ್ರದೇಶ ಕಪ್ಪು ಚಿರತೆಗಳಿಗೂ ಹೆಸರಾಗಿದೆ.

ಕಾಡಿನಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಹೆಜ್ಜೆಗುರುತುಗಳಿಂದ ಅಂದಾಜಿಸುವ ಪದ್ಧತಿಯ ಸ್ಥಾನದಲ್ಲಿ ಈಗ ಕ್ಯಾಮೆರಾ ಟ್ರ್ಯಾಪ್ ಪದ್ಧತಿ ನೆಲೆಗೊಂಡಿದೆ. ಪ್ರಾಣಿಯ ಮೈಶಾಖ ಮತ್ತು ಚಲನೆಯನ್ನು ಗ್ರಹಿಸಿ ತಾನಾಗಿಯೇ ಚಿತ್ರ ತೆಗೆಯುವ ಈ ಕ್ಯಾಮೆರಾಗಳನ್ನು ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕಟ್ಟಲಾಗುತ್ತದೆ. ಹುಲಿಯ ಎಡಮೈಯ ಪಟ್ಟೆಗಳು ಬಲಮೈಯ ಪಟ್ಟೆಗಳಂತಿರುವುದಿಲ್ಲವಾದ್ದರಿಂದ ಎರಡೂ ಬದಿಯ ಚಿತ್ರ ಅಗತ್ಯ. ಒಂದು ಹುಲಿಯ ಪಟ್ಟೆಗಳು ಮತ್ತೊಂದರ ಪಟ್ಟೆಗಳನ್ನು ಹೋಲದಿರುವುದರಿಂದ ಪ್ರತಿಯೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಅದು ಎಷ್ಟು ಸಲ ಮರಳಿ ಸಿಕ್ಕಿತೆಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸಬಹುದು. ಈ ವಿಧಾನವನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಅನ್ವಯಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಆಧಾರಭೂತವೆನಿಸಿದೆ.

ಪದ್ಧತಿ ವಿಸ್ತಾರಗೊಂಡಂತೆ ಚಿತ್ರಗಳ ರಾಶಿಯೂ ಬೆಳೆಯಿತು. 2018ರ ಅಖಿಲ ಭಾರತ ಹುಲಿ ಅಂದಾಜಿನ ಸುತ್ತಿನಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನಿರಿಸಲಾಯಿತು. ದೊರೆತ ಚಿತ್ರಗಳು 3,48,58,623. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777. ಅಂದರೆ ಸಾವಿರ ಚಿತ್ರಗಳಲ್ಲಿ ಹುಲಿಯಿದ್ದುದು ಎರಡಕ್ಕಿಂತ ತುಸು ಹೆಚ್ಚು ಚಿತ್ರಗಳಲ್ಲಿ ಮಾತ್ರ. ಇಷ್ಟನ್ನೂ ಮನುಷ್ಯರೇ ಕುಳಿತು ನೋಡಿ ವಿಂಗಡಿಸುವುದು ಬಹುಕಾಲ ಹಿಡಿಯುವ ಕೆಲಸ. ಆದುದರಿಂದ ಪ್ರಾಣಿಪ್ರಭೇದಗಳನ್ನು ಬೇರ್ಪಡಿಸಲು ಕ್ಯಾಟ್‌ರ್ಯಾಟ್ ಎಂಬ, ನರಜಾಲವನ್ನು ಆಧರಿಸಿದ ತಂತ್ರಾಂಶವನ್ನು ಬಳಸಲಾಯಿತು. ಯಂತ್ರ ಏನನ್ನು ಕಾಣುತ್ತದೆ ಎಂಬ ಪ್ರಶ್ನೆ ಹೀಗೆ ರಾಷ್ಟ್ರೀಯ ಅಂಕಿಅಂಶಗಳ ತಳಹದಿಗೆ ಸಂಬಂಧಿಸಿದ ಪ್ರಶ್ನೆಯಾಯಿತು.

2. ಕೃತಕ ನರಜಾಲದ ರಚನೆ

ಕೃತಕ ನರಜಾಲದ ಕಲ್ಪನೆ ಹುಟ್ಟಿದ್ದು ಮೆದುಳಿನ ಅಧ್ಯಯನದಿಂದಲೇ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶವನ್ನು ಸರಳ ತಾರ್ಕಿಕ ಘಟಕವಾಗಿ ನಿರೂಪಿಸಿದರು. 1958ರಲ್ಲಿ ರೋಸೆನ್‌ಬ್ಲಾಟ್ ಕಲಿಯಬಲ್ಲ ಘಟಕವೊಂದನ್ನು ಪ್ರತಿಪಾದಿಸಿದರು. 1959ರಿಂದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮೆದುಳಿನ ದೃಷ್ಟಿಭಾಗವನ್ನು ಪರೀಕ್ಷಿಸಿ, ಅಲ್ಲಿನ ಕೆಲವು ನರಕೋಶಗಳು ನಿರ್ದಿಷ್ಟ ಓರೆಯ ಗೆರೆಗಳಿಗೆ ಮಾತ್ರ ಸ್ಪಂದಿಸುತ್ತವೆಂದು ತೋರಿಸಿದರು. ಇವರಿಗೆ 1981ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಜಪಾನಿನ ಕುನಿಹಿಕೊ ಫುಕುಶಿಮಾ ಈ ಶೋಧವನ್ನು ಅನುಸರಿಸಿ 1980ರಲ್ಲಿ ಪದರಪದರವಾದ ಜಾಲವೊಂದನ್ನು ರಚಿಸಿದರು. 1989ರಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು ಅಂಥ ಜಾಲಕ್ಕೆ ಕೈಬರಹದ ಅಂಕಿಗಳನ್ನು ಓದುವ ತರಬೇತಿ ಕೊಟ್ಟರು.

ಈ ಜಾಲದ ಕಾರ್ಯವಿಧಾನವನ್ನು ಹೀಗೆ ಸಂಗ್ರಹಿಸಬಹುದು. ಚಿತ್ರವೆಂಬುದು ಯಂತ್ರಕ್ಕೆ ಅಂಕಿಗಳ ಒಂದು ಕೋಷ್ಟಕ. ಪ್ರತಿಯೊಂದು ಬಿಂದುವಿನ ಬಣ್ಣ ಮತ್ತು ಬೆಳಕಿನ ಪ್ರಮಾಣ ಒಂದೊಂದು ಅಂಕಿ. ಮೊದಲ ಪದರ ಈ ಅಂಕಿಗಳಲ್ಲಿ ಅಂಚು, ಗೆರೆ, ಬಣ್ಣದ ಬದಲಾವಣೆಗಳನ್ನು ಹುಡುಕುತ್ತದೆ. ಮುಂದಿನ ಪದರಗಳು ಅವುಗಳ ಜೋಡಣೆಗಳನ್ನು, ಅಂತಿಮ ಪದರ ಹೆಸರನ್ನು ಕೊಡುತ್ತದೆ. ಹೆಸರು ತಪ್ಪಾದರೆ ತಪ್ಪಿನ ಪ್ರಮಾಣವನ್ನು ಹಿಂದಕ್ಕೆ ಹಂಚಿ, ಪದರಗಳ ನಡುವಣ ಸಂಪರ್ಕಗಳ ತೂಕಗಳನ್ನು ಅಲ್ಪಸ್ವಲ್ಪವಾಗಿ ಬದಲಿಸಲಾಗುತ್ತದೆ. ಲಕ್ಷಾಂತರ ಚಿತ್ರಗಳ ಮೇಲೆ ಇದನ್ನು ಪುನರಾವರ್ತಿಸಿದಾಗ ತಪ್ಪು ಕಡಿಮೆಯಾಗುತ್ತದೆ. ಯಾವ ಲಕ್ಷಣವನ್ನು ಆಧರಿಸಿ ಉತ್ತರಿಸಬೇಕೆಂದು ಯಾರೂ ಯಂತ್ರಕ್ಕೆ ಹೇಳಿಕೊಡುವುದಿಲ್ಲ. ತಪ್ಪನ್ನು ಕಡಿಮೆ ಮಾಡುವ ಯಾವ ಲಕ್ಷಣವಾದರೂ ಅದಕ್ಕೆ ಸಾಕು. ಮುಂದಿನ ಚರ್ಚೆಗೆಲ್ಲ ಇದೇ ಬೀಜ.

3. ಸಾದೃಶ್ಯದ ಆಧಾರಗಳು

2012ರಲ್ಲಿ ಕ್ರಿಜೆವ್‌ಸ್ಕಿ, ಸುಟ್ಸ್‌ಕೆವರ್ ಮತ್ತು ಹಿಂಟನ್ ರಚಿಸಿದ ಜಾಲ ಸುಮಾರು 12 ಲಕ್ಷ ಚಿತ್ರಗಳಿಂದ ಸಾವಿರ ವರ್ಗಗಳನ್ನು ಕಲಿತು, ಅಂದಿನ ಸ್ಪರ್ಧೆಯಲ್ಲಿ ಉಳಿದೆಲ್ಲ ವಿಧಾನಗಳನ್ನು ಹಿಂದಿಕ್ಕಿತು. 2018ರಲ್ಲಿ ನೊರೂಜಾದೆ ಮತ್ತು ಸಂಗಡಿಗರು ಆಫ್ರಿಕದ ಸೆರೆಂಗೆಟಿಯ 32 ಲಕ್ಷ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ 48 ಪ್ರಭೇದಗಳನ್ನು ನರಜಾಲವು ಶೇ. 93.8ಕ್ಕೂ ಹೆಚ್ಚು ನಿಖರತೆಯಿಂದ ಗುರುತಿಸಿದ್ದನ್ನು ವರದಿಮಾಡಿದರು.

ಫಲಿತಾಂಶದ ಸಾಮ್ಯಕ್ಕಿಂತ ಆಳವಾದ ಸಾಮ್ಯಕ್ಕೂ ಆಧಾರವಿದೆ. ಮಂಗಗಳ ಮೆದುಳಿನ ದೃಷ್ಟಿಭಾಗದ ಮೇಲಿನ ಹಂತಗಳಲ್ಲಿರುವ ನರಕೋಶಗಳು ಒಂದು ಚಿತ್ರಕ್ಕೆ ಹೇಗೆ ಸ್ಪಂದಿಸುತ್ತವೆಂಬುದನ್ನು, ವಸ್ತುಗಳನ್ನು ಚೆನ್ನಾಗಿ ಗುರುತಿಸಲು ಕಲಿತ ನರಜಾಲಗಳ ಒಳಪದರಗಳು ಗಮನಾರ್ಹವಾಗಿ ಊಹಿಸಬಲ್ಲವೆಂದು ಯಮಿನ್ಸ್, ಡಿಕಾರ್ಲೊ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಮೆದುಳನ್ನು ಅನುಕರಿಸಲೆಂದು ತರಬೇತಿ ಪಡೆಯದ ಯಂತ್ರವು ಮೆದುಳಿನ ಕೆಲವು ಹಂತಗಳನ್ನು ತಾನಾಗಿಯೇ ಹೋಲತೊಡಗಿದ್ದು ಅಲಕ್ಷಿಸುವಂಥ ಸಂಗತಿಯಲ್ಲ. ಯಂತ್ರದೃಷ್ಟಿ ಮಾನವದೃಷ್ಟಿಗೆ ಸಂಪೂರ್ಣ ಪರಕೀಯವೆಂದು ವಾದಿಸುವವರು ಈ ಫಲಿತಾಂಶಕ್ಕೆ ಉತ್ತರ ಹೇಳಬೇಕಾಗುತ್ತದೆ.

ಕೆಲವು ಕೆಲಸಗಳಲ್ಲಿ ಯಂತ್ರ ಮನುಷ್ಯನನ್ನು ಮೀರಿಸುವುದೂ ಉಂಟು. ಸಾವಿರಾರು ಚಿತ್ರಗಳ ನಡುವೆ ಒಂದೇ ಹುಲಿಯ ಪಟ್ಟೆಗಳನ್ನು ಹೊಂದಿಸುವುದು ಮನುಷ್ಯನ ಕಣ್ಣಿಗೆ ದಣಿವಿನ ಕೆಲಸ. 2009ರಲ್ಲಿ ಹಿಬಿ, ಕಾರಂತ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಹುಲಿಯ ಮೈಯ ತ್ರಿವಿಮ ಮಾದರಿಯ ಮೇಲೆ ಚಿತ್ರವನ್ನು ಹೊದಿಸಿ ಪಟ್ಟೆಗಳನ್ನು ಗಣಕಯಂತ್ರವೇ ಹೋಲಿಸುತ್ತದೆ. ಇದು ಕಲಿಯುವ ನರಜಾಲವಲ್ಲ, ವಿನ್ಯಾಸವನ್ನು ಅಳೆಯುವ ವಿಧಾನ. ಹಾಗೆ ಅಳೆದು ಕೊಡುವ ಸಮೀಪದ ಹೋಲಿಕೆಗಳನ್ನು ನೋಡಿ ಕೊನೆಯ ತೀರ್ಮಾನ ಮಾಡುವವನು ತಜ್ಞನೇ ಎಂಬುದು ಗಮನಾರ್ಹ.

4. ವ್ಯತ್ಯಾಸದ ಆಧಾರಗಳು

ಸರಿಯುತ್ತರಗಳು ಒಂದೇ ಆಗಿದ್ದಾಗ ಇಬ್ಬರ ದೃಷ್ಟಿಗಳ ಅಂತರ ಹೊರಬೀಳುವುದಿಲ್ಲ. ತಪ್ಪುಗಳನ್ನು ಪರಿಶೀಲಿಸಿದಾಗ ಮಾತ್ರ ಅದು ಸ್ಪಷ್ಟವಾಗುತ್ತದೆ. ಈ ನಿಟ್ಟಿನಲ್ಲಿ ನಾಲ್ಕು ಬಗೆಯ ಅಧ್ಯಯನಗಳನ್ನು ಉಲ್ಲೇಖಿಸಬಹುದು.

ಮೊದಲನೆಯದು ಆಕಾರ ಮತ್ತು ಮೇಲ್ಮೈಗೆ ಸಂಬಂಧಿಸಿದ್ದು. ಜರ್ಮನಿಯ ಟ್ಯೂಬಿಂಗನ್‌ನ ಗೀರ್‌ಹೋಸ್ ಮತ್ತು ಸಂಗಡಿಗರು 2018ರಲ್ಲಿ ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮವನ್ನು ಹೊದಿಸಿದ ಚಿತ್ರವನ್ನು ತಯಾರಿಸಿದರು. ಇಂಥ ಚಿತ್ರಗಳಲ್ಲಿ ಮನುಷ್ಯರು ಬಹುಪಾಲು ಆಕಾರವನ್ನೇ ಹಿಡಿದು ಬೆಕ್ಕೆಂದರು. ನರಜಾಲ ಭಾರತೀಯ ಆನೆ ಎಂದಿತು. ಮಕ್ಕಳು ಹೊಸ ಹೆಸರನ್ನು ಕಲಿಯುವಾಗ ವಸ್ತುವಿನ ಬಣ್ಣ, ಮೇಲ್ಮೈಗಳಿಗಿಂತ ಆಕಾರಕ್ಕೆ ಪ್ರಾಧಾನ್ಯ ಕೊಡುತ್ತಾರೆಂಬುದನ್ನು ಲ್ಯಾಂಡೌ, ಸ್ಮಿತ್ ಮತ್ತು ಜೋನ್ಸ್ 1988ರಲ್ಲೇ ತೋರಿಸಿದ್ದರು. ಯಂತ್ರ ಮೇಲ್ಮೈಗೆ ಅಂಟಿಕೊಂಡಿದ್ದಕ್ಕೆ ಕಾರಣ ಸರಳ: ತರಬೇತಿಯ ಚಿತ್ರಗಳಲ್ಲಿ ಉತ್ತರಿಸಲು ಚರ್ಮದ ಒಂದು ತುಣುಕೇ ಸಾಕಾಗುತ್ತಿತ್ತು.

ಎರಡನೆಯದು ಹಿನ್ನೆಲೆಗೆ ಸಂಬಂಧಿಸಿದ್ದು. ಬೀರಿ, ವ್ಯಾನ್ ಹಾರ್ನ್ ಮತ್ತು ಪೆರೋನಾ 2018ರಲ್ಲಿ ಅಮೆರಿಕದ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ಪರೀಕ್ಷಿಸಿ, ಕೆಲವು ಸ್ಥಳಗಳ ಚಿತ್ರಗಳಿಂದ ಕಲಿತ ಜಾಲವು ಹೊಸ ಸ್ಥಳದ ಚಿತ್ರಗಳಲ್ಲಿ ಅದೇ ಪ್ರಾಣಿಗಳನ್ನು ಗುರುತಿಸುವಾಗ ಬಹಳ ಹೆಚ್ಚು ತಪ್ಪು ಮಾಡುತ್ತದೆಂದು ತೋರಿಸಿದರು. ಹುಲ್ಲುಗಾವಲಿನಲ್ಲಿ ಹಸುವನ್ನು ಗುರುತಿಸಿದ ಯಂತ್ರ ಸಮುದ್ರದ ದಂಡೆಯಲ್ಲಿ ನಿಂತ ಹಸುವನ್ನು ತಪ್ಪಿಸುತ್ತದೆಂಬುದು ಅವರು ಕೊಟ್ಟ ಉದಾಹರಣೆ. ಕುಳಗಿಯ ಬಿದಿರುಮೆಳೆಯಲ್ಲಿ ಕಲಿತದ್ದು ಅಣಶಿಯ ಮಳೆಕಾಡಿನಲ್ಲಿ ಹಾಗೆಯೇ ನಡೆಯುತ್ತದೆಂದು ಭಾವಿಸುವಂತಿಲ್ಲ ಎಂಬುದು ಇದರಿಂದ ಅನುಮಾನಿಸಬಹುದಾದ ಪಾಠ.

ಮೂರನೆಯದು ಕಣ್ಣಿಗೆ ಕಾಣದ ಬದಲಾವಣೆಗಳಿಗೆ ಸಂಬಂಧಿಸಿದ್ದು. 2013ರಲ್ಲಿ ಸೆಗೆಡಿ ಮತ್ತು ಸಂಗಡಿಗರು, 2014ರಲ್ಲಿ ಗುಡ್‌ಫೆಲೊ ಮತ್ತು ಸಂಗಡಿಗರು, ಚಿತ್ರದ ಅಂಕಿಗಳನ್ನು ಮನುಷ್ಯನಿಗೆ ತಿಳಿಯದಷ್ಟು ಸೂಕ್ಷ್ಮವಾಗಿ ಬದಲಿಸಿ ಜಾಲವನ್ನು ದಾರಿ ತಪ್ಪಿಸಬಹುದೆಂದು ಸಾಧಿಸಿದರು. ಪಾಂಡಾದ ಚಿತ್ರ ಮನುಷ್ಯನ ಕಣ್ಣಿಗೆ ಪಾಂಡಾವಾಗಿಯೇ ಉಳಿದರೂ ಯಂತ್ರ ಅದನ್ನು ಶೇ. 99.3ರ ನಿಶ್ಚಯದೊಂದಿಗೆ ಗಿಬ್ಬನ್ ಎಂದಿತು.

ನಾಲ್ಕನೆಯದು ಇದರ ತಿರುವುಮುರುವು. ಫೆದರ್, ಮೆಕ್‌ಡರ್ಮಟ್ ಮತ್ತು ಸಂಗಡಿಗರು 2023ರಲ್ಲಿ, ಜಾಲದ ಒಳಪದರಕ್ಕೆ ಸಹಜ ಚಿತ್ರದಂತೆಯೇ ತೋರುವ ಕೃತಕ ಚಿತ್ರಗಳನ್ನು ತಯಾರಿಸಿದರು. ಯಂತ್ರಕ್ಕೆ ಎರಡೂ ಒಂದೇ. ಮನುಷ್ಯರಿಗೆ ಮಾತ್ರ ಆ ಕೃತಕ ಚಿತ್ರಗಳು ಅನೇಕ ವೇಳೆ ಗುರುತೇ ಸಿಗದ ಗೊಂದಲವಾಗಿದ್ದವು. ನಮಗೆ ಒಂದೇ ಆಗಿರುವುದು ಯಂತ್ರಕ್ಕೆ ಬೇರೆ, ಯಂತ್ರಕ್ಕೆ ಒಂದೇ ಆಗಿರುವುದು ನಮಗೆ ಬೇರೆ ಎಂಬ ಈ ಇಬ್ಬಗೆಯ ಅಂತರವು ಪ್ರತ್ಯಕ್ಷದ ಸಾಮ್ಯವನ್ನು ಪ್ರಶ್ನಿಸುವ ಪ್ರಬಲ ಆಧಾರವಾಗಿದೆ.

ಆದರೆ ಈ ಅಂತರಗಳೆಲ್ಲ ಸ್ಥಿರವೆಂದು ಭಾವಿಸುವುದೂ ಸರಿಯಲ್ಲ. ಮೇಲ್ಮೈಯನ್ನು ಬೇಕೆಂದೇ ಕಲಸಿದ ಚಿತ್ರಗಳಿಂದ ತರಬೇತಿ ಕೊಟ್ಟಾಗ ಜಾಲವು ಆಕಾರದತ್ತ ವಾಲುತ್ತದೆಂದು ಗೀರ್‌ಹೋಸ್ ತಂಡವೇ ತೋರಿಸಿದೆ. 2023ರಲ್ಲಿ ವರದಿಯಾದ 2,200 ಕೋಟಿ ತೂಕಾಂಕಗಳ ಬೃಹತ್ ಜಾಲವೊಂದು ಇಂಥ ಪರೀಕ್ಷೆಗಳಲ್ಲಿ ಶೇ. 87ರಷ್ಟು ಸಲ ಆಕಾರವನ್ನೇ ಆಧರಿಸಿತು. ಚಿತ್ರವನ್ನು ಕ್ಷಣಮಾತ್ರ ತೋರಿಸಿದಾಗ ಯಂತ್ರವನ್ನು ತಪ್ಪಿಸುವ ಕೆಲವು ಬದಲಾವಣೆಗಳು ಮನುಷ್ಯರನ್ನೂ ತುಸು ತಪ್ಪಿಸುತ್ತವೆಂದು ಎಲ್ಸಾಯೆದ್ ಮತ್ತು ಸಂಗಡಿಗರು 2018ರಲ್ಲಿ ಕಂಡುಕೊಂಡರು. ಆ ಮೊದಲ ಕ್ಷಣದ ನೋಟದಲ್ಲಿ ಇಬ್ಬರೂ ಸಮೀಪದವರು. ಅನಂತರದ ಹೊತ್ತಿನಲ್ಲಿ ದೂರ ಸರಿಯುತ್ತಾರೆ.

5. ಕಪ್ಪು ಚಿರತೆಯ ನಿದರ್ಶನ

ಮೇಲಿನ ಚರ್ಚೆಯನ್ನು ಕಾಳಿ ಕಾಡಿನ ಒಂದು ಪ್ರಾಣಿಗೆ ಅನ್ವಯಿಸಿ ನೋಡಬಹುದು. ಕಪ್ಪು ಚಿರತೆ ಬೇರೆಯೇ ಪ್ರಭೇದವಲ್ಲ. ಎಎಸ್‌ಐಪಿ ಎಂಬ ವಂಶವಾಹಿಯ ಅಪ್ರಬಲ ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಸಾಮಾನ್ಯ ಚಿರತೆಯೇ ಅದು. ಆದುದರಿಂದ ಚುಕ್ಕೆಯ ತಾಯಿಗೆ ಕಪ್ಪು ಮರಿ ಹುಟ್ಟಬಹುದು. ಜಗತ್ತಿನ ಚಿರತೆಗಳಲ್ಲಿ ಸುಮಾರು ಶೇ. 11ರಷ್ಟು ಕಪ್ಪೆಂದು 2017ರ ಅಧ್ಯಯನವೊಂದು ಅಂದಾಜಿಸಿದೆ. ತೇವಭರಿತ ದಟ್ಟ ಕಾಡುಗಳಲ್ಲಿ ಇವು ಹೆಚ್ಚು. ಮಲಯ ಪರ್ಯಾಯದ್ವೀಪದ ದಕ್ಷಿಣದಲ್ಲಿ ಹೆಚ್ಚುಕಡಿಮೆ ಎಲ್ಲ ಚಿರತೆಗಳೂ ಕಪ್ಪು.

ಕಪ್ಪು ಚಿರತೆಯ ಮೈಮೇಲೆ ಚುಕ್ಕೆಗಳಿಲ್ಲವೆಂಬುದು ಸಾಮಾನ್ಯ ನಂಬಿಕೆ. ಚುಕ್ಕೆಗಳು ಇವೆ; ಹಿನ್ನೆಲೆಯ ಕೂದಲೂ ಕಪ್ಪಾಗಿರುವುದರಿಂದ ಅವು ಮುಚ್ಚಿಹೋಗಿವೆ. ಓರೆಬಿಸಿಲಿನಲ್ಲಿ ಅವು ಮಸುಕಾಗಿ ತೋರುವುದುಂಟು. ಅವಕೆಂಪು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಚುಕ್ಕೆಗಳು ಸ್ಪಷ್ಟವಾಗಿ ಮೇಲೇಳುತ್ತವೆ. ಮಲೇಷ್ಯಾದಲ್ಲಿ ಹೆಜಸ್ ಮತ್ತು ಸಂಗಡಿಗರು ಈ ಗುಣವನ್ನೇ ಬಳಸಿ, ಹಗಲಿನಲ್ಲೂ ಕ್ಯಾಮೆರಾಗಳು ಅವಕೆಂಪು ಬೆಳಕಿನಲ್ಲೇ ಚಿತ್ರ ತೆಗೆಯುವಂತೆ ಮಾಡಿ, ಕಪ್ಪು ಚಿರತೆಗಳನ್ನು ಒಂದೊಂದಾಗಿ ಗುರುತಿಸಿದ ಸಂಗತಿ 2015ರಲ್ಲಿ ಪ್ರಕಟವಾಯಿತು.

ಈಗ ಯಂತ್ರದ ಸ್ಥಿತಿಯನ್ನು ಪರಿಶೀಲಿಸಬೇಕು. ಚುಕ್ಕೆಯ ಚಿರತೆಗಳ ಚಿತ್ರಗಳಿಂದಲೇ ಹೆಚ್ಚಾಗಿ ಕಲಿತ ಜಾಲಕ್ಕೆ ಚುಕ್ಕೆಯೇ ಚಿರತೆಯ ಮುಖ್ಯ ಸಾಕ್ಷ್ಯವಾಗುವ ಸಾಧ್ಯತೆಯಿದೆ. ಹಗಲಿನ ಚಿತ್ರದಲ್ಲಾಗಲಿ ಬಿಳಿ ಫ್ಲಾಶ್‌ನ ಚಿತ್ರದಲ್ಲಾಗಲಿ ಅದರ ಎದುರಿಗೆ ಬರುವುದು ಚುಕ್ಕೆಯಿಲ್ಲದ, ಬೆಳಕನ್ನು ನುಂಗಿದ ಒಂದು ಕಪ್ಪು ಆಕೃತಿ. ಅದೇ ಪ್ರಾಣಿ ಅವಕೆಂಪು ಬೆಳಕಿನಲ್ಲಿ ಚುಕ್ಕೆಗಳ ಬೂದುಬಣ್ಣದ ಚಿರತೆಯಾಗಿ ಬರುತ್ತದೆ. ಒಂದೇ ದಾರಿಯಲ್ಲಿ ಒಂದೇ ಪ್ರಾಣಿ ಎರಡು ಬಗೆಯ ಅಂಕಿಗಳ ಕೋಷ್ಟಕವಾಗುತ್ತದೆ. ಕಪ್ಪು ಚಿರತೆಗಳ ಚಿತ್ರಗಳನ್ನು ಸಾಕಷ್ಟು ಸೇರಿಸಿ ತರಬೇತಿ ಕೊಟ್ಟರೆ ಈ ದೋಷ ನೀಗಬಹುದು. ಆದರೆ ಆಗಲೂ ಯಂತ್ರ ಎರಡು ಮಾದರಿಗಳಿಗೆ ಒಂದು ಹೆಸರನ್ನು ಕಲಿತಿರುತ್ತದೆಯೇ ಹೊರತು, ಕಪ್ಪು ಮರಿಯನ್ನು ಹೆತ್ತದ್ದು ಚುಕ್ಕೆಯ ತಾಯಿ ಎಂಬ ಸಂಬಂಧವನ್ನು ತಿಳಿದಿರುವುದಿಲ್ಲ.

ಮನುಷ್ಯನ ಗ್ರಹಿಕೆಯ ದಾರಿ ಬೇರೆ. ಕಪ್ಪು ಚಿರತೆಯನ್ನು ಮೊದಲ ಸಲ ಕಂಡವನೂ ಅದರ ನಡಿಗೆ, ತಗ್ಗಿಸಿದ ತಲೆ, ಉದ್ದ ಬಾಲ, ಭುಜದ ಏರಿಳಿತಗಳಿಂದ ಇದು ಚಿರತೆಯ ಜಾತಿಯದೇ ಎಂದು ಊಹಿಸುತ್ತಾನೆ. ಅರಣ್ಯದ ಕಾವಲುಗಾರನಿಗೆ ಇನ್ನೂ ಹೆಚ್ಚಿನ ಸಾಕ್ಷ್ಯಗಳಿವೆ: ಮಣ್ಣಿನ ಮೇಲಿನ ಹೆಜ್ಜೆ, ಮರದ ಮೇಲಿನ ಉಗುರಿನ ಗೀರು, ಮುಸುವಗಳ ಎಚ್ಚರಿಕೆಯ ಕೂಗು, ಕಡವೆಯ ಒಡಕು ದನಿ. ಈ ಕಾಡುಗಳಲ್ಲಿ ಬಹುಕಾಲದಿಂದ ಬದುಕುತ್ತಿರುವ ಕುಣಬಿ, ಸಿದ್ದಿ, ಗೌಳಿ ಸಮುದಾಯಗಳವರಿಗೆ ಚಿರತೆ ಒಂದು ಚಿತ್ರವಲ್ಲ. ಕೊಟ್ಟಿಗೆಯ ಕರುವಿಗೆ, ಸಂಜೆಯ ಕಾಲುದಾರಿಗೆ ಸಂಬಂಧಿಸಿದ ಒಂದು ಇರವು. ಕಂಡದ್ದು ಏನು ಎಂಬುದಕ್ಕೆ ಮುಂದೇನು ಮಾಡಬೇಕು ಎಂಬುದು ಅಂಟಿಕೊಂಡೇ ಬರುತ್ತದೆ.

6. ಒಂದೇ ಹುಲಿ, ಹಲವು ನೋಟ

ಇಷ್ಟರಿಂದ ಮಾನವದೃಷ್ಟಿಯೇ ಸತ್ಯದ ಅಳತೆಗೋಲೆಂದು ತೀರ್ಮಾನಿಸಿದರೆ ಅದೂ ಅವಸರವಾಗುತ್ತದೆ. ಜೀವಿಶಾಸ್ತ್ರಜ್ಞ ಯಾಕೋಬ್ ಫಾನ್ ಯುಕ್ಸ್‌ಕ್ಯುಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಪ್ರತಿಯೊಂದು ಜೀವಿಯೂ ತನ್ನ ಇಂದ್ರಿಯ ಮತ್ತು ಅಗತ್ಯಗಳಿಗೆ ತಕ್ಕ ಜಗತ್ತಿನಲ್ಲಿ ಬದುಕುತ್ತದೆಂದು ಪ್ರತಿಪಾದಿಸಿದ್ದನು. ಮನುಷ್ಯನಿಗೆ ಎದ್ದು ಕಾಣುವ ಹುಲಿಯ ಕಿತ್ತಳೆಬಣ್ಣ ಜಿಂಕೆಗೆ ಕಾಣುವುದು ಹಾಗಲ್ಲ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಎರಡೇ ಬಗೆಯವು. ಅದಕ್ಕೆ ಕಿತ್ತಳೆಯೂ ಹಸಿರೂ ಬೆರೆತುಹೋಗುತ್ತವೆ, ಹುಲಿ ಹುಲ್ಲಿನಲ್ಲಿ ಕರಗುತ್ತದೆ. ಬ್ರಿಸ್ಟಲ್‌ನ ಸಂಶೋಧಕರು 2019ರಲ್ಲಿ ಈ ಸಂಗತಿಯನ್ನು ಪರಿಶೀಲಿಸಲು ನರಜಾಲಗಳನ್ನೇ ಬಳಸಿದ್ದು ಇಲ್ಲಿ ಸ್ಮರಣೀಯ.

ಹೀಗಾಗಿ ಯಂತ್ರವು ಮನುಷ್ಯನಂತೆ ಕಾಣುವುದಿಲ್ಲ ಎಂಬುದಷ್ಟೇ ಅದರ ದೋಷವಾಗಲಾರದು. ಜಿಂಕೆಯೂ ಮನುಷ್ಯನಂತೆ ಕಾಣುವುದಿಲ್ಲ. ಆದರೆ ಜಿಂಕೆಗೂ ಯಂತ್ರಕ್ಕೂ ಒಂದು ಮೂಲಭೂತ ಭೇದವಿದೆ. ಜಿಂಕೆಯ ನೋಟ ತಪ್ಪಿದರೆ ಅದರ ಫಲವನ್ನು ಜಿಂಕೆಯೇ ಉಣ್ಣುತ್ತದೆ. ಅದರ ಕಣ್ಣು, ಕಿವಿ, ಮೂಗು, ಕಾಲುಗಳು ಒಂದನ್ನೊಂದು ಪರೀಕ್ಷಿಸುತ್ತವೆ. ಕ್ಯಾಮೆರಾ ಟ್ರ್ಯಾಪ್‌ನ ಚಿತ್ರ ಓದುವ ಜಾಲಕ್ಕೆ ಅಂಥ ಯಾವ ಬಾಳೂ ಇಲ್ಲ. ತಪ್ಪಿದ ಉತ್ತರದಿಂದ ಅದಕ್ಕೆ ನಷ್ಟವಿಲ್ಲ. ಒಂದು ಜೀವಿಯಾಗಿರುವುದು ಒಳಗಿನಿಂದ ಹೇಗನಿಸುತ್ತದೆ ಎಂಬುದನ್ನು ಹೊರಗಿನ ವಿವರಣೆಯಿಂದ ತಿಳಿಯಲಾಗದೆಂದು 1974ರಲ್ಲಿ ಥಾಮಸ್ ನೇಗಲ್ ಬಾವಲಿಯನ್ನು ನೆಪವಾಗಿಟ್ಟುಕೊಂಡು ವಾದಿಸಿದನು. ಬಾವಲಿಗೆ ಹಾಗೊಂದು ಅನಿಸಿಕೆಯಿದೆ ಎಂಬುದನ್ನಾದರೂ ಆ ವಾದ ಒಪ್ಪಿಕೊಂಡು ಮುಂದುವರಿಯುತ್ತದೆ. ನರಜಾಲದ ವಿಷಯದಲ್ಲಿ ಅಷ್ಟನ್ನು ಒಪ್ಪಲೂ ಗುರುತಿಸುವಿಕೆಯ ನಿಖರತೆ ಆಧಾರವಾಗಲಾರದು.

7. ಪ್ರತ್ಯಕ್ಷ ಮತ್ತು ಕಲ್ಪನೆ: ಮುಂಡಗೋಡದ ವಿದ್ಯಾಪರಂಪರೆ

ಗುರುತಿಸುವುದಕ್ಕೂ ಕಾಣುವುದಕ್ಕೂ ಇರುವ ಭೇದವನ್ನು ಅತ್ಯಂತ ಸೂಕ್ಷ್ಮವಾಗಿ ವಿವೇಚಿಸಿದವರಲ್ಲಿ ಬೌದ್ಧ ತಾರ್ಕಿಕರಾದ ದಿಙ್ನಾಗ ಮತ್ತು ಧರ್ಮಕೀರ್ತಿ ಪ್ರಮುಖರು. ಇವರ ಮತದಲ್ಲಿ ಪ್ರತ್ಯಕ್ಷವೆಂದರೆ ಹೆಸರು, ಜಾತಿ ಮುಂತಾದ ಕಲ್ಪನೆಗಳ ಸೋಂಕಿಲ್ಲದ ಜ್ಞಾನ. ಅದರ ವಿಷಯ ಅಲ್ಲಿ, ಆ ಕ್ಷಣದಲ್ಲಿ ಇರುವ ವಿಶಿಷ್ಟ ವಸ್ತು. ಇದು ಚಿರತೆ ಎಂಬ ನಿರ್ಧಾರ ಅನಂತರದ್ದು, ಅದು ಕಲ್ಪನೆಯ ಕೆಲಸ. ನೈಯಾಯಿಕರು ನಿರ್ವಿಕಲ್ಪಕ, ಸವಿಕಲ್ಪಕ ಎಂಬ ಎರಡನ್ನೂ ಪ್ರತ್ಯಕ್ಷದೊಳಗೇ ಸೇರಿಸಿ ಈ ಮತವನ್ನು ವಿರೋಧಿಸಿದರು. ಭಿನ್ನಾಭಿಪ್ರಾಯವೇನೇ ಇರಲಿ, ಹೆಸರಿಸುವುದೊಂದೇ ಕಾಣುವುದಲ್ಲ ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಸಮ್ಮತಿಯಿದೆ.

ಈ ಪರಂಪರೆ ಪ್ರಸ್ತುತ ಪ್ರದೇಶದಲ್ಲಿಯೇ ಜೀವಂತವಾಗಿದೆ. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಸ್ಥಾಪಿತವಾಯಿತು; ಲ್ಹಾಸಾದ ಸಮೀಪದ ಡ್ರೆಪುಂಗ್ ಮತ್ತು ಗಾಡೆನ್ ಮಹಾವಿಹಾರಗಳು ಇಲ್ಲಿ ಪುನಃ ಸ್ಥಾಪನೆಗೊಂಡವು. ಧರ್ಮಕೀರ್ತಿಯ ಪ್ರಮಾಣವಾರ್ತಿಕ ಇಲ್ಲಿನ ಪಠ್ಯಕ್ರಮದ ಒಂದು ಮುಖ್ಯ ಗ್ರಂಥ; ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ಪ್ರಶ್ನೋತ್ತರ ರೂಪದಲ್ಲಿ ಅದನ್ನು ಅಭ್ಯಾಸ ಮಾಡುತ್ತಾರೆ. 2013ರ ಜನವರಿ 17ರಿಂದ 22ರವರೆಗೆ ಡ್ರೆಪುಂಗ್ ವಿಹಾರದಲ್ಲಿ ದಲೈಲಾಮಾ ಅವರ ಸಮ್ಮುಖದಲ್ಲಿ ಮನಸ್ಸು, ಮೆದುಳು ಮತ್ತು ಭೌತದ್ರವ್ಯಗಳನ್ನು ಕುರಿತು ವಿಜ್ಞಾನಿಗಳು ಮತ್ತು ಭಿಕ್ಷುಗಳ ಸಂವಾದ ನಡೆಯಿತು. ಪ್ರಜ್ಞೆಯ ನರವೈಜ್ಞಾನಿಕ ನೆಲೆಯನ್ನು ಅಧ್ಯಯನ ಮಾಡುವ ಕ್ರಿಸ್ಟಾಫ್ ಕಾಖ್ ಅದರಲ್ಲಿ ಭಾಗವಹಿಸಿದ್ದರು. 2014ರಿಂದ ಎಮರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನರವಿಜ್ಞಾನವೂ ಸೇರಿದಂತೆ ಆಧುನಿಕ ವಿಜ್ಞಾನದ ಬೋಧನೆ ವಿಹಾರಗಳ ಶಿಕ್ಷಣದಲ್ಲಿ ಸೇರಿತು.

ಈ ಪ್ರಮಾಣಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ನರಜಾಲದ ಉತ್ತರ ಒಂದು ವಿಚಿತ್ರ ಸ್ಥಾನದಲ್ಲಿದೆ. ಅದು ಕೊಡುವುದು ಹೆಸರನ್ನು. ಹೆಸರಿನ ಹಿಂದಿರುವುದು ಇತರರು ಹೆಸರಿಸಿಟ್ಟ ಚಿತ್ರಗಳ ಅಭ್ಯಾಸ. ಮನುಷ್ಯನ ಸವಿಕಲ್ಪಕ ಜ್ಞಾನಕ್ಕೆ ಎದುರಿನ ವಸ್ತುವಿನ ಸನ್ನಿಕರ್ಷ ಆಧಾರವಾಗಿರುವಂತೆ ಯಂತ್ರದ ಹೆಸರಿಗೆ ಇರುವ ಆಧಾರ ಚಿತ್ರದ ಅಂಕಿಗಳು ಮಾತ್ರ. ವಸ್ತುವಿನೊಡನೆ ಅದರ ಸಂಬಂಧ ಕ್ಯಾಮೆರಾ ಮತ್ತು ಹೆಸರು ಬರೆದ ಮನುಷ್ಯ ಇವರಿಬ್ಬರ ಮೂಲಕ ಬಂದ ಎರವಲು ಸಂಬಂಧ. ಹಾಗೆ ನೋಡಿದರೆ ಅದನ್ನು ಪ್ರತ್ಯಕ್ಷವೆನ್ನುವುದಕ್ಕಿಂತ ಲಿಂಗವನ್ನು ಕಂಡು ಮಾಡಿದ ಅನುಮಾನಕ್ಕೆ ಹೋಲಿಸುವುದು ಹೆಚ್ಚು ಸಮಂಜಸ: ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದಂತೆ ಚುಕ್ಕೆಯನ್ನು ಕಂಡು ಚಿರತೆಯನ್ನು ಊಹಿಸುವುದು. ಚುಕ್ಕೆಯಿಲ್ಲದ ಚಿರತೆ ಎದುರಾದಾಗ ಆ ಅನುಮಾನದ ವ್ಯಾಪ್ತಿ ಮುರಿಯುತ್ತದೆ.

ಮನುಷ್ಯನೂ ಭ್ರಾಂತಿಗೆ ಒಳಗಾಗುತ್ತಾನೆ. ಮುಸ್ಸಂಜೆಯಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತ ಭಾರತೀಯ ದರ್ಶನಗಳಲ್ಲಿ ಪ್ರಸಿದ್ಧ. ಆದರೆ ಆ ದೃಷ್ಟಾಂತದ ಉತ್ತರಾರ್ಧವೂ ಅಷ್ಟೇ ಮುಖ್ಯ: ದೀಪ ತಂದಾಗ, ಕೋಲಿನಿಂದ ಮುಟ್ಟಿದಾಗ, ಹಾವಿನ ಜ್ಞಾನ ಬಾಧಿತವಾಗಿ ಹಗ್ಗ ತೋರುತ್ತದೆ. ಸಂಶಯ, ಪರೀಕ್ಷೆ, ಬಾಧೆ ಇವು ಮಾನವ ಪ್ರತ್ಯಕ್ಷದ ಅಂಗಗಳೇ ಆಗಿವೆ. ಸ್ಥಿರಚಿತ್ರವನ್ನು ಓದುವ ನರಜಾಲಕ್ಕೆ ದೀಪ ತರುವ ಕೈಯಿಲ್ಲ. ಅದು ಕೊಡುವ ನಿಶ್ಚಯದ ಅಂಕಿಯನ್ನು ಸಂಶಯದ ಅಳತೆಯೆಂದು ತಿಳಿಯುವುದೂ ಸರಿಯಲ್ಲ. ಆಧುನಿಕ ಜಾಲಗಳು ತಮ್ಮ ನಿಖರತೆಯನ್ನು ಮೀರಿದ ನಿಶ್ಚಯವನ್ನು ತೋರುತ್ತವೆಂದು ಗುವೊ ಮತ್ತು ಸಂಗಡಿಗರು 2017ರಲ್ಲಿ ನಿರೂಪಿಸಿದ್ದಾರೆ.

8. ವ್ಯಾವಹಾರಿಕ ಪರಿಣಾಮಗಳು

ಈ ಭೇದ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಚಿರತೆಗಳ ಸಂಖ್ಯೆ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಎಂಬುದು 2022ರ ಅಂದಾಜು. ಇಂಥ ಅಂದಾಜುಗಳಿಗೆ ಆಧಾರವಾದ ಮರುದಾಖಲೆಯ ಲೆಕ್ಕಾಚಾರವು ಪ್ರಾಣಿಗಳನ್ನು ಬಿಡಿಬಿಡಿಯಾಗಿ ಗುರುತಿಸುವುದನ್ನು ಅವಲಂಬಿಸಿದೆ. ಯಂತ್ರವು ಚಿತ್ರವನ್ನು ಖಾಲಿಯೆಂದು ಬದಿಗಿಟ್ಟರೆ ಅದನ್ನು ಮನುಷ್ಯ ನೋಡುವ ಸಂದರ್ಭವೇ ಒದಗದು. ತಪ್ಪು ಹೆಸರನ್ನು ತಿದ್ದಬಹುದು. ಕಾಣದೆ ಹೋದದ್ದು ತಿದ್ದುಪಡಿಗೂ ಸಿಗುವುದಿಲ್ಲ. ಕಪ್ಪು ಚಿರತೆ ವಿಶೇಷವಾಗಿರುವ ಕಾಡುಗಳಲ್ಲಿ ಯಂತ್ರವು ಬದಿಗಿಟ್ಟ ಚಿತ್ರಗಳಲ್ಲಿಯೂ ಒಂದು ಪಾಲನ್ನು ಬಲ್ಲವರು ಪರಿಶೀಲಿಸುವುದು ಈ ಕಾರಣದಿಂದ ಅಗತ್ಯವೆನಿಸುತ್ತದೆ.

ಹಳಿಯಾಳ ಮತ್ತು ಮುಂಡಗೋಡಗಳಲ್ಲಿ ಪ್ರಶ್ನೆಯ ಸ್ವರೂಪ ಇನ್ನೊಂದು. ಭತ್ತ ಕೊಯ್ಲಿಗೆ ಬರುವ ದಿನಗಳಲ್ಲಿ ದಾಂಡೇಲಿಯ ಕಡೆಯ ಕಾಡಿನಿಂದ ಆನೆಗಳು ಈ ತಾಲ್ಲೂಕುಗಳ ಗದ್ದೆಗಳತ್ತ ಬರುತ್ತವೆ. ಭತ್ತ, ಗೋವಿನಜೋಳ, ಕಬ್ಬುಗಳು ಹಾಳಾಗುತ್ತವೆ. ತಮಿಳುನಾಡಿನ ಮಧುಕ್ಕರೈಯಲ್ಲಿ ರೈಲುಹಳಿಯ ಬಳಿ ಬರುವ ಆನೆಗಳನ್ನು ಶಾಖಗ್ರಾಹಿ ಕ್ಯಾಮೆರಾ ಹಾಗೂ ಕೃತಕ ಬುದ್ಧಿಮತ್ತೆಯ ಸಹಾಯದಿಂದ ಗುರುತಿಸಿ ಮುನ್ಸೂಚನೆ ಕೊಡುವ ವ್ಯವಸ್ಥೆ 2024ರಲ್ಲಿ ಆರಂಭವಾಯಿತು. ಅಂಥ ವ್ಯವಸ್ಥೆ ಇಲ್ಲಿನ ಗದ್ದೆಗಳ ಅಂಚಿಗೂ ಉಪಯುಕ್ತವಾಗಬಹುದು. ಆದರೆ ಎಮ್ಮೆಯನ್ನು ಆನೆಯೆಂದು ಪದೇಪದೇ ಕೂಗಿದರೆ ರೈತ ಆ ಕೂಗಿಗೆ ಕಿವಿಗೊಡುವುದನ್ನೇ ಬಿಡುತ್ತಾನೆ. ಆನೆಯನ್ನು ಗುರುತಿಸದೆ ಸುಮ್ಮನಿದ್ದರೆ ಜೀವಕ್ಕೇ ಅಪಾಯ. ಎರಡರಲ್ಲಿ ಯಾವ ತಪ್ಪು ಸಹ್ಯ ಎಂಬ ತೀರ್ಮಾನವನ್ನು ಯಂತ್ರ ಮಾಡಲಾರದು. ಗದ್ದೆಯ ಮಾಳದಲ್ಲಿ ರಾತ್ರಿ ಕಳೆಯುವವನ ಅನುಭವವೇ ಅದನ್ನು ನಿರ್ಧರಿಸಬೇಕು.

ಸ್ಥಳೀಯ ಜ್ಞಾನವು ತರಬೇತಿಯ ಹಂತದಲ್ಲಿಯೇ ಪ್ರವೇಶ ಪಡೆಯುವುದು ಇನ್ನೊಂದು ಅಗತ್ಯ. ಯಂತ್ರ ಕಲಿಯುವುದು ಯಾರೋ ಹೆಸರಿಸಿದ ಚಿತ್ರಗಳಿಂದ. ಜೋಯಿಡಾದ ಕಾಡನ್ನು ಬಲ್ಲವರು ಆ ಹೆಸರುಗಳನ್ನು ಕೊಟ್ಟಾಗ, ಅಲ್ಲಿನ ಮಳೆ, ಮಂಜು, ಕತ್ತಲೆಗಳ ಚಿತ್ರಗಳೇ ತರಬೇತಿಯಲ್ಲಿ ಸೇರಿದಾಗ, ಯಂತ್ರದ ನೋಟ ಆ ನೆಲಕ್ಕೆ ಹತ್ತಿರವಾಗುತ್ತದೆ. ಒಂದು ಮಗುವಿನ ತಲೆಗೆ ಕಟ್ಟಿದ ಕ್ಯಾಮೆರಾದ 61 ಗಂಟೆಗಳ ದೃಶ್ಯಗಳಿಂದಲೇ ಜಾಲವೊಂದು ಕೆಲವು ಪದಗಳನ್ನೂ ಅವು ಸೂಚಿಸುವ ವಸ್ತುಗಳನ್ನೂ ಹೊಂದಿಸಲು ಕಲಿತದ್ದನ್ನು 2024ರ ಅಧ್ಯಯನವೊಂದು ವರದಿಮಾಡಿದೆ. ಯಾರ ಕಣ್ಣಿನ ಎತ್ತರದಿಂದ, ಯಾವ ನೆಲದಲ್ಲಿ ಕಲಿತದ್ದು ಎಂಬುದು ಯಂತ್ರಕ್ಕೂ ಮುಖ್ಯವೆಂದು ಇದು ಸೂಚಿಸುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳನ್ನು ತಲುಪಬಹುದಾಗಿದೆ. ಕೃತಕ ನರಜಾಲಗಳು ಮೆದುಳಿನ ದೃಷ್ಟಿಭಾಗದ ಕೆಲವು ಹಂತಗಳನ್ನು ನಿಜವಾಗಿಯೂ ಹೋಲುತ್ತವೆ. ಮೊದಲ ನೋಟದ ಗುರುತಿಸುವಿಕೆಯಲ್ಲಿ ಅವು ಮನುಷ್ಯನಿಗೆ ಸಮೀಪ ಬಂದಿವೆ, ಕೆಲವೆಡೆ ಮೀರಿಯೂ ಇವೆ. ಆದರೆ ಉತ್ತರದ ಸಾಮ್ಯದಿಂದ ನೋಟದ ಸಾಮ್ಯ ಸಿದ್ಧವಾಗುವುದಿಲ್ಲ. ಯಾವ ಲಕ್ಷಣವನ್ನು ಆಧರಿಸಿ ಉತ್ತರ ಬಂತು, ಆ ಲಕ್ಷಣ ಇಲ್ಲದಾಗ ಏನಾಗುತ್ತದೆ, ತಪ್ಪನ್ನು ತಪ್ಪೆಂದು ತಿಳಿಯುವ ದಾರಿ ಇದೆಯೆ ಎಂಬ ಮೂರು ಪ್ರಶ್ನೆಗಳಲ್ಲಿ ಮಾನವ ಪ್ರತ್ಯಕ್ಷ ಮತ್ತು ಯಂತ್ರದೃಷ್ಟಿಗಳ ಮಾರ್ಗಗಳು ಬೇರೆಯಾಗುತ್ತವೆ. ಮೊದಲೆರಡು ಪ್ರಶ್ನೆಗಳ ಅಂತರ ಉತ್ತಮ ತರಬೇತಿಯಿಂದ ಕಿರಿದಾಗುತ್ತಿದೆ. ಮೂರನೆಯದು, ಜಗತ್ತಿನಲ್ಲಿ ನಡೆದಾಡಿ, ಮುಟ್ಟಿ, ನಷ್ಟವನ್ನು ಅನುಭವಿಸಿ ಕಲಿಯುವ ಬಾಳಿಗೆ ಸಂಬಂಧಿಸಿದ್ದು. ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಅದು ತುಂಬುವಂಥದಲ್ಲ.

ಕಾಳಿ ಕಾಡಿನ ಕ್ಯಾಮೆರಾ ಟ್ರ್ಯಾಪ್‌ನ ಎದುರು ಹಾದುಹೋಗುವ ಕಪ್ಪು ಚಿರತೆ ಈ ಅಂತರದ ಸಾಕ್ಷಿಯಾಗಿದೆ. ಕೋಟ್ಯಂತರ ಚಿತ್ರಗಳನ್ನು ಬೇಗ ವಿಂಗಡಿಸುವ ಕೆಲಸಕ್ಕೆ ಯಂತ್ರ ಬೇಕು. ವಿಂಗಡಿಸಿದ್ದು ಸರಿಯೆ ಎಂದು ಸಂಶಯಪಡುವ ಕೆಲಸಕ್ಕೆ ಕಾಡನ್ನು ಬಲ್ಲ ಮನುಷ್ಯ ಬೇಕು. ಗಣತಿಯ ವ್ಯವಸ್ಥೆಯಲ್ಲಿ ಎರಡನೆಯವನ ಸ್ಥಾನವನ್ನು ಉಳಿಸಿಕೊಳ್ಳುವುದರ ಮೇಲೆ ಆ ಅಂಕಿಅಂಶಗಳ ವಿಶ್ವಾಸಾರ್ಹತೆ ನಿಂತಿದೆ.